ಇದ್ದ ಮೈಯನ್ನು ಇದ್ದಂತೆ ಬರೆಯುವುದು: ನಮ್ಮ ಸೀಮೆಯ ಚಿತ್ರಕಾರರಿಗೆ ಕೆಲವು ಸೂಚನೆಗಳು

ನಮ್ಮ ಕಡೆ ಚಿತ್ರ ಬರೆಯಲು ಕಲಿಯುವವರು ಬಹುತೇಕ ಒಂದೇ ಮೈಯನ್ನು ಕಲಿಯುತ್ತಾರೆ. ಶಾಲೆಯ ಡ್ರಾಯಿಂಗ್ ಪರೀಕ್ಷೆಗೆ ಕುಳಿತು ಕಲಿತರೂ, ಬೋರ್ಡ್ ಬರೆಯುವ ಅಂಗಡಿಯಲ್ಲಿ ಬಣ್ಣದ ಡಬ್ಬಿ ಹೊತ್ತು ಕಲಿತರೂ, ದೇವರ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ನಕಲು ತೆಗೆದು ಕಲಿತರೂ ಕೈಗೆ ರೂಢಿಯಾಗುವುದು ತಲೆಯ ಏಳೂವರೆ ಅಥವಾ ಎಂಟು ಪಟ್ಟು ಎತ್ತರದ, ಸಪಾಟು ಹೊಟ್ಟೆಯ, ನೆಟ್ಟನೆಯ ಬೆನ್ನಿನ, ಗೋಧಿ ಬಣ್ಣದ ಒಂದು ಆಕೃತಿ. ಬಾಗಲಕೋಟೆಯ ಬಸ್‌ನಿಲ್ದಾಣದಲ್ಲಿ ಅರ್ಧ ತಾಸು ಕುಳಿತು ನೋಡಿದರೆ ಆ ಆಕೃತಿಗೆ ಸರಿಹೊಂದುವವರು ಬೆರಳೆಣಿಕೆಯಷ್ಟೂ ಸಿಗುವುದಿಲ್ಲ. ಬುಟ್ಟಿ ಹೊತ್ತು ಕುತ್ತಿಗೆ ದಪ್ಪಗಾದವರು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರುವವರು, ಊರುಗೋಲಿನವರು, ತೊನ್ನಿನ ಕಲೆ ಇರುವವರು, ತುಂಬು ಬಸುರಿಯರು, ಕುಳ್ಳಗಿರುವವರು, ಮೈತುಂಬಿಕೊಂಡವರು, ಬೆನ್ನು ಬಾಗಿದವರು ಅಲ್ಲಿ ಎಲ್ಲ ಕಡೆ ಇರುತ್ತಾರೆ. ನಮ್ಮ ಕ್ಯಾನ್ವಾಸಿನ ಮೇಲೆ ಮಾತ್ರ ಇರುವುದಿಲ್ಲ. ಅವರನ್ನು ಬರೆಯಲು ಬೇರೆಯದೇ ಆದ ಕರುಣೆಯಾಗಲಿ ಘೋಷಣೆಯಾಗಲಿ ಬೇಕಾಗಿಲ್ಲ. ಎದುರಿಗಿರುವ ಮೈಯನ್ನು ಅದರದೇ ಅಳತೆಯಿಂದ ಅಳೆಯುವ, ಅಳೆದದ್ದನ್ನು ಕಾಗದದ ಮೇಲೆ ತಿದ್ದದೆ ಇಡುವ ಅಭ್ಯಾಸವೊಂದು ಬೇಕು. ಆ ಅಭ್ಯಾಸವನ್ನು ಹೇಗೆ ಬೆಳೆಸಿಕೊಳ್ಳಬಹುದೆಂಬುದನ್ನು, ನಾನು ನಡೆದ ಕ್ರಮದಲ್ಲಿಯೇ, ಇಲ್ಲಿ ವಿವರಿಸುತ್ತೇನೆ.

ಬಾದಾಮಿಯಿಂದ ಆರಂಭಿಸಿ

ಮೊದಲ ಪಾಠಕ್ಕೆ ಜೀವಂತ ಮನುಷ್ಯರಿಗಿಂತ ಕಲ್ಲು ಅನುಕೂಲ. ಅದು ಅಲುಗುವುದಿಲ್ಲ, ನಾಚುವುದಿಲ್ಲ, ಎಷ್ಟು ಹೊತ್ತು ನೋಡಿದರೂ ಬೇಸರಪಡುವುದಿಲ್ಲ. ಬಾದಾಮಿಯ ಮೊದಲನೆಯ ಗುಹೆಗೆ ಬೆಳಗ್ಗೆಯೇ ಹೋಗಬೇಕು. ಬಂದವರೆಲ್ಲ ನೇರವಾಗಿ ಹದಿನೆಂಟು ಕೈಗಳ ನಟರಾಜನ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ. ಕಲಿಯುವವರು ನೋಡಬೇಕಾದದ್ದು ಅದಕ್ಕಿಂತ ಕೆಳಗೆ, ಜಗತಿಯ (ಅಡಿಪೀಠದ) ಪಟ್ಟಿಕೆಯ ಉದ್ದಕ್ಕೂ ಕುಣಿಯುತ್ತಿರುವ ಗಣಗಳ ಸಾಲನ್ನು. ಗಿಡ್ಡ ಕಾಲು, ದೊಡ್ಡ ಹೊಟ್ಟೆ, ದುಂಡು ಮುಖದ ಆ ಗಣಗಳಲ್ಲಿ ಒಂದರಂತೆ ಇನ್ನೊಂದು ನಿಂತಿಲ್ಲ. ಒಂದನ್ನೇ ಆರಿಸಿಕೊಂಡು ಹತ್ತಿರದಿಂದ ನೋಡಿದರೆ, ಹೊಟ್ಟೆಯು ಸೊಂಟಪಟ್ಟಿಯ ಮೇಲೆ ಹೇಗೆ ಕುಳಿತಿದೆ, ಹೊಕ್ಕಳು ಎಷ್ಟು ಆಳವಾದ ಕುಳಿಯಾಗಿದೆ, ಮಡಿಸಿದ ಮೊಣಕಾಲಿನ ಮೇಲೆ ಇಡೀ ಮೈಯ ಭಾರ ಹೇಗೆ ಇಳಿದಿದೆ ಎಂಬುದು ತಿಳಿಯುತ್ತದೆ. ಆ ಶಿಲ್ಪಿ ಹೊಟ್ಟೆಯನ್ನು ನಗಿಸುವುದಕ್ಕಾಗಿ ಅಂಟಿಸಿದವನಲ್ಲ. ಆ ಹೊಟ್ಟೆಯಿರುವ ಮೈ ಹೇಗೆ ಕುಣಿಯುತ್ತದೆಂದು ಬಲ್ಲವನು.

ಅದೇ ಗುಹೆಯ ಅರ್ಧನಾರೀಶ್ವರನ ಪಕ್ಕದಲ್ಲಿ ಶಿವಭಕ್ತ ಭೃಂಗಿ ಕೈಮುಗಿದು ನಿಂತಿದ್ದಾನೆ. ಅವನು ಎಲುಬಿನ ಹಂದರ. ಬಡಕಲು ಮೈಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಪಾಠದ ಆಕೃತಿಯನ್ನೇ ಎರಡೂ ಬದಿಗಳಿಂದ ಕೆರೆದು ಸಪೂರ ಮಾಡುತ್ತೇವೆ. ಆದರೆ ಮಾಂಸ ಇಳಿದಾಗ ಕೀಲುಗಳು ಇಳಿಯುವುದಿಲ್ಲ. ಮೊಣಕಾಲು, ಮೊಣಕೈ, ಮಣಿಕಟ್ಟು, ಕೊರಳೆಲುಬು ಇದ್ದಷ್ಟೇ ಇದ್ದು, ನಡುವಿನ ಭಾಗ ತೆಳ್ಳಗಾದದ್ದರಿಂದ ಇನ್ನೂ ದೊಡ್ಡದಾಗಿ ಕಾಣುತ್ತವೆ. ಬಾದಾಮಿಯ ವಸ್ತುಸಂಗ್ರಹಾಲಯಕ್ಕೂ ಹೋಗಿ, ಅಲ್ಲಿರುವ ಲಜ್ಜಾಗೌರಿಯನ್ನು ಕನಿಷ್ಠ ಎರಡು ಕೋನಗಳಿಂದ ಬರೆದುಕೊಳ್ಳಿ. ತಲೆಯ ಜಾಗದಲ್ಲಿ ಕಮಲವಿರುವ, ಹೆರಿಗೆಯ ಭಂಗಿಯಲ್ಲಿ ಕಾಲು ಅಗಲಿಸಿ ಕುಳಿತ ಆ ಮೂರ್ತಿ, ಹೆಣ್ಣಿನ ಮೈಯೆಂದರೆ ತೆಳು ನಡುವೆಂಬ ನಮ್ಮ ಕೈಯ ಚಟವನ್ನು ಬಿಡಿಸುತ್ತದೆ. (ಕಾಗದ, ಪೆನ್ಸಿಲ್ ಬಿಟ್ಟು ತಿನ್ನುವ ಯಾವ ವಸ್ತುವನ್ನೂ ಚೀಲದಲ್ಲಿಟ್ಟುಕೊಳ್ಳಬಾರದು. ಬಾದಾಮಿಯ ಮಂಗಗಳು ಕಲಾವಿದರಿಗೆ ರಿಯಾಯಿತಿ ಕೊಡುವುದಿಲ್ಲ.)

ಮುಖದ ಉದ್ದವನ್ನು ಒಂದು ತಾಲವೆಂದು ಎಣಿಸುವ ಶಿಲ್ಪಶಾಸ್ತ್ರದ ತಾಲಮಾನವೂ ಎಲ್ಲರಿಗೂ ಒಂದೇ ಅಳತೆಯನ್ನು ವಿಧಿಸಿಲ್ಲ. ದೊಡ್ಡ ದೇವತೆಗಳಿಗೆ ಒಂಬತ್ತು, ಹತ್ತು ತಾಲವಾದರೆ ಗಣಪತಿಗೆ ಐದು, ಕುಬ್ಜ ಗಣಗಳಿಗೆ ನಾಲ್ಕು. ಇದನ್ನು ತಿಳಿದುಕೊಳ್ಳುವುದು ಒಳ್ಳೆಯದೇ. ಆದರೆ ನಾಲ್ಕು ತಾಲವೂ ಒಂದು ಅಚ್ಚೇ ಎಂಬುದನ್ನು ಮರೆಯಬಾರದು. ಬಾದಾಮಿಯ ಗಣವನ್ನು ಬರೆದ ಕೈ ಬಸ್‌ನಿಲ್ದಾಣದ ಕುಳ್ಳ ಮನುಷ್ಯನನ್ನೂ ಗಣವಾಗಿಯೇ ಬರೆದುಬಿಡುವ ಅಪಾಯವಿದೆ. ಆದ್ದರಿಂದ ಕಲ್ಲಿನ ಪಾಠ ಮುಗಿದ ಮೇಲೆ ಅಳತೆಯ ಪಾಠ.

ಅಳತೆ

ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಸರಿಸಿ ಅಳೆಯುವ ಹಳೆಯ ಪದ್ಧತಿಯೇ ಸಾಕು. ಒಂದು ಬದಲಾವಣೆ ಮಾತ್ರ ಬೇಕು: ಎಷ್ಟು ತಲೆ ಎಂದು ಎಣಿಸುವುದಕ್ಕೆ ಮೊದಲು ಅರ್ಧ ಎಲ್ಲಿದೆಯೆಂದು ಹುಡುಕಬೇಕು. ಕಾಗದದ ಮೇಲೆ ನೆತ್ತಿಗೊಂದು, ಹಿಮ್ಮಡಿಗೊಂದು ಗೆರೆ ಹಾಕಿ, ಎದುರಿಗೆ ನಿಂತವರ ಎತ್ತರದ ನಡುಬಿಂದು ಮೈಯ ಯಾವ ಭಾಗಕ್ಕೆ ಬೀಳುತ್ತದೆಂದು ಅಳೆಯಿರಿ. ಪಾಠದ ಆಕೃತಿಯಲ್ಲಿ ಅದು ತೊಡೆಗಳು ಕೂಡುವಲ್ಲಿ ಇರುತ್ತದೆ. ಹುಟ್ಟಿನಿಂದಲೇ ಎಲುಬಿನ ಬೆಳವಣಿಗೆ ಕುಂಠಿತವಾಗಿ ಕುಳ್ಳಗಿರುವವರಲ್ಲಿ ಬಹಳಷ್ಟು ಜನರಿಗೆ ಮುಂಡದ ಉದ್ದ ಉಳಿದ ವಯಸ್ಕರಿಗಿರುವಷ್ಟೇ ಹತ್ತಿರಹತ್ತಿರ ಇದ್ದು, ಕೈಕಾಲುಗಳು, ಅದರಲ್ಲೂ ತೋಳು ಮತ್ತು ತೊಡೆ, ಗಿಡ್ಡವಾಗಿರುತ್ತವೆ. ಆದ್ದರಿಂದ ಅವರ ನಡುಬಿಂದು ಮೇಲಕ್ಕೆ, ಹೊಟ್ಟೆಯ ಕಡೆಗೆ ಸರಿಯುತ್ತದೆ. ಪಾಠದ ಆಕೃತಿಯನ್ನು ಹಾಗೆಯೇ ಸಣ್ಣದು ಮಾಡಿದರೆ ಅದು ಅವರ ಮೈಯಾಗದಿರುವುದು ಈ ಕಾರಣಕ್ಕೆ. ನಡುಬಿಂದು ಗೊತ್ತಾದ ಮೇಲೆ ಆ ಮೈಯಲ್ಲಿಯೇ ಇರುವ ಯಾವುದಾದರೊಂದು ಸ್ಪಷ್ಟ ಅಂತರವನ್ನು, ಉದಾಹರಣೆಗೆ ಗದ್ದದಿಂದ ಹೊಕ್ಕಳಿನವರೆಗಿನದನ್ನು, ಅಳತೆಗೋಲಾಗಿ ಇಟ್ಟುಕೊಂಡು ಉಳಿದೆಲ್ಲವನ್ನೂ ಅದರಿಂದ ಅಳೆಯಿರಿ.

ಎರಡನೆಯದು ತೂಗುಗೆರೆ. ಗೌಂಡಿಯವರು ಗೋಡೆಗೆ ಹಿಡಿಯುವ ತೂಕದ ದಾರವನ್ನೇ ತಂದು, ಕಿವಿಯ ನೇರಕ್ಕೆ ಇಳಿಬಿಟ್ಟು, ಅದು ನೆಲದಲ್ಲಿ ಎಲ್ಲಿ ಬೀಳುತ್ತದೆಂದು ನೋಡಬೇಕು. ಬೆನ್ನು ಬಾಗಿದ ಅಜ್ಜಿಯ ಕಿವಿಯಿಂದ ಇಳಿದ ದಾರ ಪಾದದ ಗೆಣ್ಣಿಗಿಂತ ಬಹಳ ಮುಂದೆ ಬೀಳುತ್ತದೆ. ಅವರು ಬೀಳದೆ ನಿಂತಿರುವುದು ಮೊಣಕಾಲು ಸ್ವಲ್ಪ ಮಡಿಸಿ, ಸೊಂಟವನ್ನು ಹಿಂದಕ್ಕೆ ತಳ್ಳಿರುವುದರಿಂದ. ಬಸುರಿಯರಲ್ಲಿ ಇದಕ್ಕೆ ಉಲ್ಟಾ: ಹೊಟ್ಟೆಯ ಭಾರಕ್ಕೆ ಸರಿದೂಗಿಸಲು ಹೆಗಲು ಹಿಂದಕ್ಕೆ ಹೋಗಿ, ಸೊಂಟದ ಹಿಂಭಾಗದ ಬಾಗು ಆಳವಾಗುತ್ತದೆ. ಬಾಗಿದ ಬೆನ್ನನ್ನು ಮಾತ್ರ ಬರೆದು ಮೊಣಕಾಲನ್ನು ನೆಟ್ಟಗೆ ಬರೆದರೆ ಚಿತ್ರ ಮುಗ್ಗರಿಸುತ್ತದೆ, ಯಾಕೆಂದು ನೋಡುಗರಿಗೆ ತಿಳಿಯದಿದ್ದರೂ.

ಊರುಗೋಲಿನವರನ್ನು ಬರೆಯುವಾಗ ಕೋಲನ್ನು ಕೊನೆಗೆ ಸೇರಿಸಬಾರದು. ಪಾದ ಮತ್ತು ಕೋಲಿನ ತುದಿ ನೆಲದಲ್ಲಿ ಎಲ್ಲೆಲ್ಲಿ ಊರಿವೆಯೋ ಆ ಬಿಂದುಗಳನ್ನು ಮೊದಲು ಗುರುತಿಸಿ, ಅವುಗಳ ನಡುವೆ ಮೈಯ ಭಾರ ಇಳಿಯುವಂತೆ ಬರೆಯಬೇಕು. ಕೋಲಿನ ಬದಿಯ ಹೆಗಲು ಕಿವಿಯ ಕಡೆಗೆ ಏರಿರುತ್ತದೆ, ಆ ಬದಿಯ ತೋಳು ಮತ್ತು ಎದೆಯ ಸ್ನಾಯುಗಳು ವರ್ಷಗಳ ಬಳಕೆಯಿಂದ ಗಟ್ಟಿಯಾಗಿರುತ್ತವೆ. ಪೋಲಿಯೊ ತಗುಲಿದ ಕಾಲಿನಲ್ಲಿ ತೊಡೆ, ಮೀನಖಂಡ ಎರಡೂ ಸೊರಗಿ ಮೊಣಕಾಲಿನ ಚಿಪ್ಪೇ ಎದ್ದು ಕಾಣುತ್ತದೆ. ಕಾಲು ಗಿಡ್ಡವಾಗಿದ್ದರೆ ಸೊಂಟದ ಗೆರೆ ಓರೆಯಾಗಿ, ಅದನ್ನು ಸರಿದೂಗಿಸಲು ಬೆನ್ನೆಲುಬು ಬಾಗಿರುತ್ತದೆ. ಹೀಗೆ ಒಂದು ಕಾಲಿನ ಕತೆ ಹೆಗಲಿನ ತನಕ ಹೋಗುತ್ತದೆ. ಕಾಲನ್ನೊಂದೇ ತೆಳ್ಳಗೆ ಬರೆದು ಉಳಿದದ್ದನ್ನು ಪಾಠದ ಆಕೃತಿಯಂತೆ ಬಿಟ್ಟರೆ ಅದು ಆ ಮನುಷ್ಯನ ಮೈಯಾಗುವುದಿಲ್ಲ.

ದಪ್ಪ ಮೈಯನ್ನು ಹೊರಗೆರೆಯಿಂದ ಬರೆಯಲು ಹೋಗಬೇಡಿ. ಕೊಬ್ಬು ಮೆತ್ತನೆಯದಾದ್ದರಿಂದ ಭಂಗಿ ಬದಲಾದಂತೆ ಅದರ ಜಾಗವೂ ಬದಲಾಗುತ್ತದೆ: ನಿಂತಾಗ ಕೆಳಗೆ ಇಳಿಯುತ್ತದೆ, ಕುಳಿತಾಗ ಹೊಟ್ಟೆ ತೊಡೆಯ ಮೇಲೆ ಒರಗುತ್ತದೆ, ಮಲಗಿದಾಗ ಎರಡೂ ಪಕ್ಕಕ್ಕೆ ಹರಡುತ್ತದೆ. ಮಡಿಕೆಗಳೇ ಇಲ್ಲಿ ದಾರಿ ತೋರಿಸುತ್ತವೆ. ಯಾವ ಮಡಿಕೆ ಯಾವುದರ ಮೇಲೆ ಬಂದಿದೆ, ಯಾವ ಗೆರೆ ಒಳಗೆ ಹೋಗಿ ಮರೆಯಾಗಿದೆ ಎಂಬುದನ್ನು ಬರೆದರೆ ತೂಕ ತಾನಾಗಿಯೇ ಬರುತ್ತದೆ. ಇದಕ್ಕೆ ಪೆನ್ಸಿಲ್ಲಿಗಿಂತ ಇದ್ದಿಲು ಒಳ್ಳೆಯದು. ಇದ್ದಿಲಿನ ತುಂಡನ್ನು ಅಡ್ಡ ಹಿಡಿದು ಮೊದಲು ಗಾತ್ರವನ್ನು ಹಾಕಿ, ಗೆರೆಯನ್ನು ಆಮೇಲೆ ಎಳೆಯಬಹುದು. ಬೆಳಗಾವಿಯ ಗರಡಿಮನೆಗಳ ಕಡೆ ಹೋದರೆ, ಕುಸ್ತಿ ಬಿಟ್ಟು ಬಹಳ ವರ್ಷಗಳಾದ ಪೈಲ್ವಾನರು ಹೊರಗೆ ಕಟ್ಟೆಯ ಮೇಲೆ ಕುಳಿತಿರುವುದನ್ನು ಕಾಣಬಹುದು. ಹೊಟ್ಟೆ ಬಂದಿರುತ್ತದೆ, ಆದರೆ ಕುತ್ತಿಗೆ ಇನ್ನೂ ದಪ್ಪ, ಕಿವಿಗಳು ಮಣ್ಣಿನ ಅಂಕಣದಲ್ಲಿ ತಿಕ್ಕಿ ತಿಕ್ಕಿ ಮುದ್ದೆಗಟ್ಟಿರುತ್ತವೆ. ಒಂದೇ ಮೈಯಲ್ಲಿ ಎರಡು ವಯಸ್ಸು ಕೂಡಿರುವ ಅಂಥವರನ್ನು ಬರೆದಷ್ಟು ಕಲಿಕೆ ಮಾಂಸಖಂಡಗಳ ಹರೆಯದ ಪೈಲ್ವಾನನನ್ನು ಬರೆಯುವುದರಲ್ಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಬಟ್ಟೆಯೊಳಗಿನ ಮೈ

ಬತ್ತಲೆ ರೂಪದರ್ಶಿ ಸಿಗದೆ ಮೈಯನ್ನು ಹೇಗೆ ಕಲಿಯುವುದೆಂದು ಕೇಳುವವರಿದ್ದಾರೆ. ದೊಡ್ಡ ಊರುಗಳ ಕಲಾಶಾಲೆಗಳ ಅನುಕೂಲ ನಮಗಿಲ್ಲದಿರಬಹುದು, ಆದರೆ ನಮಗೆ ಇಳಕಲ್ ಸೀರೆ ಇದೆ. ಚೌಕಡಿ ಸೀರೆಯ ಗೆರೆಗಳು ನೇರವಾಗಿ, ಸಮ ಅಂತರದಲ್ಲಿ ನೆಯ್ದವು. ಉಟ್ಟ ಮೇಲೆ ಅವು ಎಲ್ಲಿ ಬಾಗುತ್ತವೆ, ಎಲ್ಲಿ ಒತ್ತೊತ್ತಾಗುತ್ತವೆ, ಎಲ್ಲಿ ಬಿಡಿಸಿಕೊಳ್ಳುತ್ತವೆ ಎಂಬುದು ಒಳಗಿನ ಮೈಯ ಉಬ್ಬುತಗ್ಗುಗಳ ನಕಾಶೆ. ತೊಡೆಯ ಮೇಲೆ ಚೌಕಗಳು ಅಗಲವಾಗಿ ತೆರೆದಿದ್ದರೆ ತೊಡೆ ನಮ್ಮ ಕಡೆ ಮುಖಮಾಡಿದೆ, ಮೊಣಕಾಲಿನಾಚೆ ಅವು ಓರೆಯಾಗಿ ಕಿರಿದಾಗಿದ್ದರೆ ಕಾಲು ಅಲ್ಲಿಂದ ತಿರುಗಿದೆ. ಗುಳೇದಗುಡ್ಡದ ಖಣದ ಕುಪ್ಪಸವೂ ಹಾಗೆಯೇ. ಖಣದ ಸಣ್ಣ ಬುಟ್ಟಾಗಳನ್ನು ಅಚ್ಚೊತ್ತಿದಂತೆ ಒಂದೇ ಅಳತೆಯಲ್ಲಿ ಬರೆಯದೆ, ತೋಳಿನ ಬಿಗಿಯಲ್ಲಿ ಅವು ಹೇಗೆ ಹಿಗ್ಗಿವೆ, ಬಗಲಿನ ನೆರಿಗೆಯಲ್ಲಿ ಹೇಗೆ ಅರ್ಧ ನುಂಗಿಹೋಗಿವೆ ಎಂಬುದನ್ನು ನೋಡಿ ಬರೆದರೆ, ಬಟ್ಟೆ ಮತ್ತು ಮೈ ಎರಡೂ ಒಂದೇ ಗೆರೆಯಲ್ಲಿ ಬರುತ್ತವೆ. ಕಚ್ಚೆ ಹಾಕಿ ಉಟ್ಟ ಹಿರಿಯರ ಸೀರೆ ಕಾಲುಗಳನ್ನು ಬಿಡಿಸಿ ತೋರಿಸುವುದರಿಂದ ಅಭ್ಯಾಸಕ್ಕೆ ಇನ್ನೂ ಒಳ್ಳೆಯದು.

ಇಳಕಲ್ಲಿನಲ್ಲಿ ಪರಿಚಯದ ನೇಕಾರರ ಮನೆಯಿದ್ದರೆ ಕುಣಿಮಗ್ಗದ ಮುಂದೆ ಒಂದು ದಿನ ಕುಳಿತು ಬರಬೇಕು. ಕಾಲು ಕುಣಿಯೊಳಗೆ, ಸೊಂಟ ನೆಲದ ಮಟ್ಟಕ್ಕೆ, ಬೆನ್ನು ಮುಂದಕ್ಕೆ ಬಾಗಿ, ಎರಡೂ ಕೈ ಬೇರೆ ಬೇರೆ ಕೆಲಸದಲ್ಲಿ. ದುಡಿಮೆ ಮೈಯನ್ನು ಹೇಗೆ ತಿದ್ದಿರುತ್ತದೆಂಬುದು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ವೇಗವಾಗಿ ಬರೆಯುವ ಅಭ್ಯಾಸಕ್ಕೆ ವಾರದ ಸಂತೆ, ಬನಶಂಕರಿ ಜಾತ್ರೆ ಇದ್ದೇ ಇವೆ. ಸವದತ್ತಿಯ ಗುಡ್ಡದಲ್ಲಿ ಯಲ್ಲಮ್ಮನಿಗೆ ಮುಡಿಪಾದ ಜೋಗಪ್ಪಂದಿರನ್ನು ಬರೆಯಲು ಹೋಗುವವರು ಮಾತ್ರ ಮೊದಲು ಹತ್ತಿರ ಕುಳಿತು ಮಾತಾಡಬೇಕು; ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಚಿತ್ರಕಾರರ ಕೆಲಸವಲ್ಲ, ಹೆಗಲಿನ ಅಗಲ, ಚೌಡಿಕೆ ವಾದ್ಯ ಹಿಡಿದ ಬೆರಳು, ಸೆರಗು ಹೊದ್ದ ರೀತಿ ಇವುಗಳನ್ನು ಕಂಡಂತೆ ಬರೆಯುವುದಷ್ಟೇ ಕೆಲಸ.

ಮೈಬಣ್ಣ

ಅಂಗಡಿಯಲ್ಲಿ ಮೈಬಣ್ಣವೆಂದು ಮಾರುವ ಟ್ಯೂಬನ್ನು ಕೊಳ್ಳಬೇಡಿ. ಆ ಗುಲಾಬಿ ಬಣ್ಣದ ಮೈ ಬಾಗಲಕೋಟೆ, ಬೆಳಗಾವಿ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಯಾರಿಗೂ ಇಲ್ಲ. ಬರ್ಂಟ್ ಅಂಬರ್, ಬರ್ಂಟ್ ಸಿಯೆನ್ನಾ, ಯೆಲ್ಲೋ ಓಕರ್, ಕ್ರಿಮ್ಸನ್, ಅಲ್ಟ್ರಾಮರೀನ್ ಬ್ಲೂ ಮತ್ತು ಬಿಳಿ ಇದ್ದರೆ ಯಾವ ಮೈಬಣ್ಣವನ್ನಾದರೂ ಕಲಸಬಹುದು. ಕಪ್ಪು ಮೈಗೆ ಕಪ್ಪು ಬಣ್ಣ ಹಾಕಿದರೆ ಮೈ ಸತ್ತುಹೋಗುತ್ತದೆ. ಬರ್ಂಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ಬೆರೆಸಿದರೆ ಕಪ್ಪಿಗೆ ಹತ್ತಿರದ, ಆದರೆ ಬೇಕಾದಂತೆ ಬೆಚ್ಚಗೂ ತಣ್ಣಗೂ ತಿರುಗಿಸಬಹುದಾದ ಗಾಢ ಬಣ್ಣ ಸಿಗುತ್ತದೆ, ಅದೇ ನೆರಳು. ಬೆಳಕಿನ ಭಾಗಕ್ಕೆ ಬಿಳಿ ಬೆರೆಸುವ ಬದಲು ಓಕರ್ ಮತ್ತು ಸಿಯೆನ್ನಾ ಹೆಚ್ಚಿಸಬೇಕು, ಬಿಳಿ ಹೆಚ್ಚಾದರೆ ಮೈಗೆ ಬೂದಿ ಬಳಿದಂತಾಗುತ್ತದೆ. ಗಾಢ ಮೈಯ ಮೇಲಿನ ಹೊಳಪು ಮೈಯದಲ್ಲ, ಬೆಳಕಿನದು. ಬಯಲಿನಲ್ಲಿ ನಿಂತವರ ಹಣೆ ಮತ್ತು ಕೆನ್ನೆಯ ಎಲುಬಿನ ಮೇಲೆ ಆಕಾಶದ ನೀಲಿ ಇರುತ್ತದೆ. ಅಂಗೈ, ಅಂಗಾಲು ತಿಳಿಯಾಗಿರುತ್ತವೆ, ಮೊಣಕೈ ಮತ್ತು ಕುತ್ತಿಗೆಯ ಹಿಂಭಾಗ ಇನ್ನಷ್ಟು ಗಾಢವಾಗಿರುತ್ತವೆ.

ಗಾಢ ಮೈಬಣ್ಣವನ್ನು ಗೌರವದಿಂದ ಬರೆದ ಪರಂಪರೆ ನಮ್ಮ ವಿಜಯಪುರದ್ದೇ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹನ ಮಂತ್ರಿ ಇಖ್ಲಾಸ್ ಖಾನ್ ಆಫ್ರಿಕಾ ಮೂಲದ ಹಬಶಿ. ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ದರ್ಬಾರಿನ ಚಿತ್ರಕಾರರು ಸುಲ್ತಾನನನ್ನೂ ಅವನನ್ನೂ ಒಂದೇ ಆನೆಯ ಮೇಲೆ ಕೂರಿಸಿ ಬರೆದ ಚಿತ್ರವಿದೆ. ಅದರ ಮುದ್ರಿತ ಪ್ರತಿ ಸಿಕ್ಕರೆ ಇಬ್ಬರ ಮುಖವನ್ನೂ ಜೊತೆಜೊತೆಗೆ ನಕಲು ಮಾಡಿ. ಒಬ್ಬರ ಬಣ್ಣವನ್ನು ಇನ್ನೊಬ್ಬರ ಬಣ್ಣದ ಸಮೀಪಕ್ಕೆ ತರುವ ಪ್ರಯತ್ನವನ್ನೇ ಅವರು ಮಾಡಿಲ್ಲವೆಂಬುದು ಆಗ ತಿಳಿಯುತ್ತದೆ.

ತೊನ್ನು ಇರುವವರನ್ನು ಬರೆಯುವಾಗ ಮೊದಲು ಇಡೀ ಮುಖದ ನೆರಳು ಬೆಳಕನ್ನು ಮುಗಿಸಿ, ಆಮೇಲೆ ಕಲೆಗಳನ್ನು ಅವುಗಳ ಅಂಚಿನ ಸಮೇತ ಬರೆಯಬೇಕು. ಕಲೆ ಬಿಳಿಯಲ್ಲ, ತಿಳಿ ಗುಲಾಬಿ ಮಿಶ್ರಿತ ಕೆನೆಬಣ್ಣ. ನೆರಳಿನೊಳಗೆ ಹೋದ ಕಲೆಯೂ ನೆರಳಿನಲ್ಲಿಯೇ ಇರಬೇಕು. ಇದನ್ನು ಪಾಲಿಸದಿದ್ದರೆ ಕಲೆಗಳು ಮುಖದಿಂದ ಎದ್ದು ಗಾಳಿಯಲ್ಲಿ ನಿಂತಂತೆ ಕಾಣುತ್ತವೆ. ಸುಟ್ಟ ಗಾಯದ ಗುರುತು ನುಣುಪಾಗಿ ಬೆಳಕನ್ನು ಹಿಡಿಯುವುದರಿಂದ ಅಲ್ಲಿ ಬಣ್ಣಕ್ಕಿಂತ ಹೊಳಪಿನ ವ್ಯತ್ಯಾಸ ಮುಖ್ಯ. ಬೇಸಿಗೆಯಲ್ಲಿ ನಮ್ಮ ಕಡೆ ಅಕ್ರಿಲಿಕ್ ಪ್ಯಾಲೆಟ್ಟಿನ ಮೇಲೆಯೇ ಒಣಗಿಹೋಗುತ್ತದೆ, ಆದ್ದರಿಂದ ಇಂಥ ಸೂಕ್ಷ್ಮ ಕೆಲಸಕ್ಕೆ ತೈಲವರ್ಣವೇ ಮೇಲು. ಅಕ್ರಿಲಿಕ್ಕೇ ಬೇಕೆನ್ನುವವರು ಪ್ಯಾಲೆಟ್ಟಿನ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ತೆಳು ಕಾಗದವಿಟ್ಟು ಬಣ್ಣ ಕಲಸಿಕೊಳ್ಳಬಹುದು.

ಎದುರಿಗೆ ಕೂರುವವರು

ಬೆಳಗಾವಿಯಲ್ಲಿ ಕಲಾವಿದ ಕೆ.ಬಿ. ಕುಲಕರ್ಣಿಯವರು ಚಿತ್ರಮಂದಿರವೆಂಬ ಕಲಾಶಾಲೆಯ ಮೂಲಕ ಬೆಳೆಸಿದ ಭಾವಚಿತ್ರದ ಪರಂಪರೆ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಬರೆಯುವ ಪರಂಪರೆ. ಫೋನಿನ ಫೋಟೊ ಅದಕ್ಕೆ ಬದಲಿಯಾಗದು. ಹತ್ತಿರದಿಂದ ತೆಗೆದ ಫೋನ್ ಫೋಟೊದಲ್ಲಿ ಮುಂದಿರುವುದು ಹಿಗ್ಗಿ ಹಿಂದಿರುವುದು ಕುಗ್ಗುತ್ತದೆ. ದಪ್ಪ ಹೊಟ್ಟೆ ಇನ್ನೂ ದಪ್ಪವಾಗಿ, ಗಿಡ್ಡ ಕಾಲು ಇನ್ನೂ ಗಿಡ್ಡವಾಗಿ ಬಂದು ಅಳತೆ ಕೆಡುತ್ತದೆ. ತೆಗೆಯಲೇಬೇಕಾದರೆ ಎಂಟು ಹತ್ತು ಅಡಿ ದೂರ ನಿಂತು, ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು, ಜೂಮ್ ಮಾಡಿ ತೆಗೆಯಿರಿ.

ಕೂರಲು ಕೇಳಿದಾಗ ಬಹಳ ಸಲ ಬರುವ ಉತ್ತರ ಒಂದೇ: "ನಂದೇನ್ ಚಿತ್ರಾ ತಗೀತೀರಿ, ಚಂದ ಇದ್ದವ್ರದು ತಗೀರಿ." ಇದಕ್ಕೆ ಉಪದೇಶ ಮಾಡಬಾರದು. "ನೀವೂ ಚಂದ ಇದ್ದೀರಿ" ಎಂದು ಸಮಾಧಾನ ಹೇಳುವುದೂ ಬೇಡ, ಅವರು ಅದನ್ನು ನಂಬುವುದಿಲ್ಲ. "ಅಕ್ಕಾರ, ನೀವು ಕುಂದ್ರೂ ಧಾಟಿ ಬರೀಬೇಕಾಗೇತಿ, ಅದಕ್ಕ ಕೇಳಾಕತ್ತೇನಿ" ಎಂದು ನಿಜವಾದ ಕಾರಣ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು; ದೂರದಿಂದ ಕದ್ದು ಬರೆಯುವುದು ಸಲ್ಲದು. ಕುಳಿತವರಿಗೆ ಅವರು ಆ ದಿನ ಬಿಟ್ಟುಬಂದ ಕೂಲಿಗೆ ಕಡಿಮೆಯಾಗದಷ್ಟು ಹಣ ಕೊಡಬೇಕು, ಚಹಾ ಕುಡಿಸಿ ಕಳಿಸುವುದು ಸಂಬಳವಲ್ಲ. ಚಿತ್ರವನ್ನು ಪ್ರದರ್ಶಿಸಬಹುದೇ, ಮಾರಬಹುದೇ, ಇಂಟರ್ನೆಟ್ಟಿಗೆ ಹಾಕಬಹುದೇ ಎಂಬ ಮೂರನ್ನೂ ಬೇರೆ ಬೇರೆಯಾಗಿ ಕೇಳಿ, ಕನ್ನಡದಲ್ಲಿ ಬರೆದು ಓದಿ ಹೇಳಿ ಸಹಿ ಪಡೆಯಿರಿ. ಬತ್ತಲೆ ಚಿತ್ರಕ್ಕೆ ಕೂರಲು ವಯಸ್ಕರೊಬ್ಬರು ತಾವಾಗಿ ಒಪ್ಪಿದರೂ, ಅವರು ನಂಬುವವರೊಬ್ಬರು ಜೊತೆಗಿರಲಿ.

ಸಾಮಾನ್ಯವಾಗಿ 20 ನಿಮಿಷಕ್ಕೊಮ್ಮೆ 5 ನಿಮಿಷ ಬಿಡುವು ಕೊಡುವ ರೂಢಿಯಿದೆ. ವಯಸ್ಸಾದವರಿಗೆ, ನೋವಿರುವವರಿಗೆ, ಬಸುರಿಯರಿಗೆ ಒಂದೇ ಸಮ 10 ನಿಮಿಷ ಕೂರುವುದೇ ಹೆಚ್ಚು. ಪಾದ ಮತ್ತು ಕೋಲಿನ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಂಡರೆ ಎದ್ದು ಬಂದು ಮತ್ತೆ ಅದೇ ಭಂಗಿಗೆ ಕೂರುವುದು ಸುಲಭ. ಭಂಗಿಯನ್ನು ಅವರೇ ಆರಿಸಲಿ. ತಮ್ಮ ಮೈಗೆ ಯಾವುದು ಹಗುರವೆಂದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಇದರ ನಡುವೆ ಒಂದು ಸಲವಾದರೂ ಕನ್ನಡಿಯ ಮುಂದೆ ತಾವೇ ಕೂರಬೇಕು. ಅಮೆರಿಕದ ಆಲಿಸ್ ನೀಲ್ 1980ರಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ, ಕೈಯಲ್ಲಿ ಕುಂಚ ಹಿಡಿದು ಕುರ್ಚಿಯಲ್ಲಿ ಬತ್ತಲೆಯಾಗಿ ಕುಳಿತ ತಮ್ಮದೇ ಚಿತ್ರವನ್ನು ಮುಗಿಸಿದರು. ಮೆಕ್ಸಿಕೊದ ಫ್ರಿಡಾ ಕಾಲೊ ಬಾಲ್ಯದಲ್ಲಿ ಪೋಲಿಯೊ, 1925ರಲ್ಲಿ ಬಸ್ ಅಪಘಾತ ಎರಡನ್ನೂ ಕಂಡವರು. 1944ರ ಒಂದು ಚಿತ್ರದಲ್ಲಿ ಬೆನ್ನೆಲುಬನ್ನು ಒಡೆದ ಕಂಬವಾಗಿ, ಮೈಗೆ ಬಿಗಿದ ಪಟ್ಟಿಗಳನ್ನು ಇದ್ದಂತೆಯೇ ತೋರಿಸಿದರು. ಅಷ್ಟು ದೂರ ಹೋಗಬೇಕೆಂದಿಲ್ಲ, ಬನಿಯನ್ ತೊಟ್ಟು ಕುಳಿತರೂ ಸಾಕು. ಎಲ್ಲೆಲ್ಲಿ ಕೈ ತಾನಾಗಿಯೇ ಹೊಟ್ಟೆಯನ್ನು ಒಳಗೆ ಎಳೆಯುತ್ತದೆ, ಗದ್ದದ ಮಡಿಕೆಯನ್ನು ಬಿಟ್ಟುಬಿಡುತ್ತದೆ ಎಂಬುದು ಆಗ ಗಮನಕ್ಕೆ ಬರುತ್ತದೆ. ಉಳಿದವರ ಮೈಯಲ್ಲಿಯೂ ಕೈ ಅಲ್ಲಲ್ಲೇ ತಿದ್ದುತ್ತಿರುತ್ತದೆ.

ತೋರಿಸುವಾಗ

ಚಿತ್ರದ ಶೀರ್ಷಿಕೆಯಲ್ಲಿ ಊನದ ಹೆಸರಾಗಲಿ, "ಛಲ", "ಸ್ಫೂರ್ತಿ"ಯಂಥ ಪದಗಳಾಗಲಿ ಬೇಡ; ಕೂತವರು ಒಪ್ಪಿದರೆ ಅವರ ಹೆಸರು ಮತ್ತು ಕಸುಬು, ಒಪ್ಪದಿದ್ದರೆ ಕಸುಬೊಂದೇ. ಗ್ಯಾಲರಿಗಳಲ್ಲಿ ಚಿತ್ರದ ನಡುಬಿಂದು ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರದಲ್ಲಿರುವಂತೆ ತೂಗುಹಾಕುವುದು ವಾಡಿಕೆ. ಗಾಲಿಕುರ್ಚಿಯಲ್ಲಿ ಬರುವವರು, ಕುಳ್ಳಗಿರುವವರು, ಮಕ್ಕಳು ಕತ್ತೆತ್ತಿ ನೋಡಬೇಕಾಗುತ್ತದೆ. 15 ಸೆಂಟಿಮೀಟರ್ ಇಳಿಸಿದರೆ ಎತ್ತರದವರಿಗೇನೂ ತೊಂದರೆಯಾಗುವುದಿಲ್ಲ. ಮೆಟ್ಟಿಲೇರಿಯೇ ಹೋಗಬೇಕಾದ ಸಭಾಂಗಣವನ್ನು ಗೊತ್ತುಮಾಡುವ ಮೊದಲು, ಊರುಗೋಲಿನ ಚಿತ್ರಕ್ಕೆ ಕೂತವರು ಅಲ್ಲಿಗೆ ಹೇಗೆ ಬರುತ್ತಾರೆಂದು ಯೋಚಿಸಿ. ಉದ್ಘಾಟನೆಯ ಹಿಂದಿನ ದಿನ ಕೂತವರನ್ನೆಲ್ಲ ಮನೆಯವರ ಸಮೇತ ಕರೆದು ಮೊದಲು ಅವರಿಗೇ ತೋರಿಸಬೇಕು. ಯಾರಾದರೂ ತಮ್ಮ ಚಿತ್ರ ತೂಗುಹಾಕುವುದು ಬೇಡವೆಂದರೆ ಸಹಿಯ ಕಾಗದವನ್ನು ಹೊರತೆಗೆಯದೆ ಚಿತ್ರವನ್ನು ಇಳಿಸಬೇಕು. ಪ್ರತಿಯೊಬ್ಬರಿಗೂ ಚಿತ್ರದ ಒಳ್ಳೆಯ ಮುದ್ರಣವೊಂದನ್ನು ಚೌಕಟ್ಟು ಹಾಕಿಸಿ ಕೊಡಿ. ಆ ಖರ್ಚನ್ನು ಬಣ್ಣ, ಕ್ಯಾನ್ವಾಸಿನ ಖರ್ಚಿನ ಜೊತೆಯಲ್ಲಿಯೇ ಮೊದಲು ಲೆಕ್ಕ ಹಾಕಿಟ್ಟುಕೊಂಡಿರಬೇಕು.